ಕ್ಷಮಿಸಿದ ಮೇಲೆ ಮತ್ತೆ ಜಾಮೀನು ನಿಲ್ಲಲೇಬೇಕಾ?

ಬೆಟಗೇರಿ ತಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ ಮಗ ಒಂದು ಪತ್ತಿನ ಸಂಘದಲ್ಲಿ ಸಾಲ ತೆಗೆದಾಗ ಜಾಮೀನು ನಿಂತವನು ನಾನು. ಅವನು ಕಂತು ಕಟ್ಟಲಿಲ್ಲ, ಫೋನ್ ಎತ್ತುವುದನ್ನೂ ಬಿಟ್ಟ. ನೋಟಿಸ್ ಬಂದದ್ದು ನಮ್ಮ ಮನೆಗೆ, ಕಡಿತ ಆಗಿದ್ದು ನನ್ನ ಪಗಾರದಲ್ಲಿ. ಈಗ ಭಾನುವಾರ ಚರ್ಚಿನಲ್ಲಿ ನಮ್ಮ ಮುಂದಿನ ಬೆಂಚಿನಲ್ಲೇ ಕೂರುತ್ತಾನೆ. ಕರ್ತನ ಪ್ರಾರ್ಥನೆಯಲ್ಲಿ ‘ನಾವು ಕ್ಷಮಿಸಿದಂತೆ’ ಅಂತ ಬಂದಾಗ ನನಗೆ ಬಾಯೇ ಬರುವುದಿಲ್ಲ. ಮೊನ್ನೆ ಮನೆಗೆ ಬಂದು ತಪ್ಪಾಯ್ತು ಅಂದ, ಅದರ ಬೆನ್ನಿಗೇ ಇನ್ನೊಂದು ಸಾಲಕ್ಕೆ ಸಹಿ ಬೇಕು ಅಂದ. ಹಿರಿಯರು ‘ಕ್ರೈಸ್ತನಾದವನು ತಗ್ಗಿ ನಡೀಬೇಕು, ಹಾಕಿಬಿಡು’ ಅಂತಾರೆ. ಹಾಕದಿದ್ದರೆ ನಾನು ಕ್ಷಮಿಸಿಲ್ಲ ಅಂತ ಅರ್ಥಾನಾ?

ಧಾರವಾಡದ ಅಕ್ಕ:
ತಮ್ಮಾ, ಸಹಿ ಹಾಕಬೇಡ. ಬೈಬಲಿನಲ್ಲಿ ಜ್ಞಾನೋಕ್ತಿ 22ನೇ ಅಧ್ಯಾಯ ತೆಗೆದು ನೋಡು. ಸಾಲಕ್ಕೆ ಹೊಣೆ ನಿಲ್ಲಬೇಡ, ತೀರಿಸೋಕೆ ಆಗದಿದ್ದರೆ ನೀನು ಮಲಗಿರೋ ಹಾಸಿಗೆಯನ್ನೂ ಎಳೆದುಕೊಂಡು ಹೋಗುತ್ತಾರೆ ಅಂತ ಅಲ್ಲೇ ಇದೆ.

ಕ್ಷಮೆ ಬೇರೆ. ಮತ್ತಾಯ 18ರಲ್ಲಿ ಶಿಷ್ಯ ಪೇತ್ರ ‘ಏಳು ಸಾರಿ ಕ್ಷಮಿಸಿದರೆ ಸಾಕಾ’ ಅಂತ ಕೇಳಿದಾಗ ಯೇಸು ಹೇಳಿದ ಕಥೆಯೂ ಸಾಲದ್ದೇ ಅಲ್ವಾ? ಅರಸನಿಂದ ಹತ್ತು ಸಾವಿರ ತಲಾಂತು ಮಾಫಿ ಮಾಡಿಸಿಕೊಂಡ ಆಳು, ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಪ್ರಸಂಗದಲ್ಲಿ ಈ ನೂರನ್ನು ಚಿಲ್ಲರೆ ಕಾಸು ಅಂತ ಹೇಳಿ ಮುಂದೆ ಹೋಗುವುದುಂಟು, ನನಗದು ಒಪ್ಪಿಗೆ ಇಲ್ಲ. ಒಂದು ದಿನಾರಿ ಅಂದ್ರೆ ಒಂದು ದಿನದ ಕೂಲಿ. ಮೂರು ತಿಂಗಳಿಗೂ ಜಾಸ್ತಿ ದುಡಿದದ್ದು ಹೋಯಿತು ಅಂದ್ರೆ ಯಾರಿಗಾದರೂ ಹೊಟ್ಟೆ ಉರಿಯುತ್ತೆ. ನಿನ್ನ ನಷ್ಟ ಸಣ್ಣದು ಅಂತ ಯೇಸು ಹೇಳುತ್ತಿಲ್ಲ. ಆದರೆ ಒಂದು ತಲಾಂತಿಗೆ ಸುಮಾರು ಆರು ಸಾವಿರ ದಿನಾರಿ, ಅಂಥವು ಹತ್ತು ಸಾವಿರ, ಯಾವ ಆಳು ಎಷ್ಟು ದುಡಿದರೂ ತೀರದ ಸಾಲ ಅದು, ಮತ್ತು ಆ ಆಳಿನ ಜಾಗದಲ್ಲಿ ಇರೋದು ನಾವು. ತಗ್ಗುವುದು ಅಂದ್ರೆ ಅದನ್ನು ನೆನೆದು ಅವನ ಕುತ್ತಿಗೆ ಬಿಡೋದು.

ಹಾವೇರಿ ಓದುಗ:
ಅಕ್ಕ ಹೇಳಿದ್ದು ಸರಿ, ಆದರೆ ‘ಬೇಡುವವನಿಗೆ ಕೊಡು’ ಅಂತ ಮತ್ತಾಯ 5ರಲ್ಲೂ ಇದೆ, ಅದನ್ನು ಸುಮ್ನೆ ಬಿಡೋಕಾಗಲ್ಲ. ಅವನ ಮನೆಯಲ್ಲಿ ನಿಜಕ್ಕೂ ಕಷ್ಟ ಇದ್ದರೆ ರೇಷನ್ನೋ ಮಕ್ಕಳ ಫೀಯೋ, ಕೈಲಾದಷ್ಟು ಕೊಡಿ, ವಾಪಸ್ ಕೇಳಬೇಡಿ. ಸಹಿ ಬೇಡ.

ಹುಬ್ಬಳ್ಳಿಯವ:
ಹಳೆಯ ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ಜಾಮೀನುದಾರ ಕಟ್ಟಿದ್ದನ್ನು ಸಾಲಗಾರನಿಂದ ವಸೂಲಿ ಮಾಡುವ ಹಕ್ಕು 1872ರ ಕರಾರು ಕಾಯ್ದೆಯಲ್ಲೇ ಇದೆ. ಹಾಗಂತ ಕೋರ್ಟಿಗೆ ಓಡಬೇಡಿ, ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ (1 ಕೊರಿಂಥ 6) ವಿಶ್ವಾಸಿ ಸಹೋದರರು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುವುದನ್ನು ಅಪೊಸ್ತಲ ಪೌಲ ಖಂಡಿಸುತ್ತಾನೆ. ಮೊದಲು ನೀವಿಬ್ಬರೇ ಕೂತು ಮಾತಾಡಿ. ಒಪ್ಪದಿದ್ದರೆ ಸಭೆಯ ಇಬ್ಬರನ್ನು ಕೂರಿಸಿಕೊಳ್ಳಿ, ತಿಂಗಳಿಗೆ ಇಷ್ಟು ಅಂತ ಬರೆಸಿಕೊಳ್ಳಿ. ಕೇಳುವುದು ಹಗೆಯಲ್ಲ. ನಿಮಗೆ ಸಹಿ ಹಾಕು ಅನ್ನುವ ಹಿರಿಯರು ಅವನಿಗೆ ‘ಕಟ್ಟಪ್ಪಾ’ ಅಂತ ಒಂದು ಮಾತು ಹೇಳಿದ್ದಾರಾ? ತಗ್ಗಿ ನಡೆಯೋದು ಅವನಿಗೂ ಅನ್ವಯಿಸುತ್ತೆ.

ಬೆಟಗೇರಿ ತಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಊಟಕ್ಕೆ ಕರೆದಿದ್ದೇನೆ. ಸಹಿ ಆಗಲ್ಲ ಅಂತ ಮುಖ ನೋಡಿಯೇ ಹೇಳುತ್ತೇನೆ, ಕ್ಷಮಿಸಿದ್ದೇನೆ ಅಂತಲೂ ಹೇಳುತ್ತೇನೆ. ಹಳೆಯ ದುಡ್ಡು ಪೂರ್ತಿ ಬಿಡಬೇಕೋ ಕಂತಿನಲ್ಲಿ ಕೇಳಬೇಕೋ ಇನ್ನೂ ತೀರ್ಮಾನಿಸಿಲ್ಲ, ಮನೆಯವಳನ್ನು ಕೇಳಬೇಕು. ಆ ಪಗಾರದಲ್ಲಿ ಸಂಸಾರ ತೂಗಿಸಿದವಳು ಅವಳು.