ಹೊಸ ಮನೆ ಖರೀದಿ: ಇಸಿ, ಇ-ಖಾತಾ ಇದ್ದರೆ ಸಾಕೇ?

ಪ್ರಶ್ನೆ: ಬೆಂಗಳೂರಿನ ಹೊರವಲಯದಲ್ಲಿ ಬಿಲ್ಡರ್ ಒಬ್ಬರು 30×40 ಸೈಟಿನಲ್ಲಿ ಕಟ್ಟಿರುವ ಹೊಸ ಡೂಪ್ಲೆಕ್ಸ್ ಮನೆ ನೋಡಿದ್ದೇವೆ. 15 ವರ್ಷದ ಇಸಿ (ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿ), ಇ-ಖಾತಾ ತೋರಿಸಿ, ಈ ವಾರವೇ ಅಡ್ವಾನ್ಸ್ ಕೊಡಿ ಅಂತಿದ್ದಾರೆ. ಇನ್ನೇನು ನೋಡಬೇಕು ಸರ್?

ವಕೀಲರು: ಮೊದಲು ಅಡ್ವಾನ್ಸ್ ನಿಲ್ಲಿಸಿ. ಖಾತಾ ಇರುವುದು ತೆರಿಗೆಗೆ, ಅದು ಹಕ್ಕುಪತ್ರವಲ್ಲ. ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನೀವೇ ತೆಗೆಸಿ, ಕನಿಷ್ಠ 30 ವರ್ಷದ್ದು. ಹಳೆಯ ವರ್ಷಗಳಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿ: ಸೈಟ್ ನಂಬರ್ ಹಾಕಿ ಹುಡುಕಿದರೆ ಲೇಔಟ್ ಆದ ನಂತರದ ವ್ಯವಹಾರವಷ್ಟೇ ಸಿಗುತ್ತದೆ. ಅದಕ್ಕೂ ಹಿಂದಿನದು ಜಮೀನಿನ ಸರ್ವೆ ನಂಬರಿನಡಿ ಇರುತ್ತದೆ. ಎರಡರಲ್ಲೂ ತೆಗೆಸಿ. ಮೂಲ ಕುಟುಂಬದ ವಿಭಾಗಪತ್ರದಲ್ಲಿ ಹೆಣ್ಣುಮಕ್ಕಳ ಸಹಿ ಇದೆಯೇ, ಭೂಪರಿವರ್ತನೆ ಆದೇಶ ಅದೇ ಸರ್ವೆ ನಂಬರಿಗೆ ಸೇರಿದ್ದೇ ಎಂದೂ ನೋಡಿ. ಬಿಲ್ಡರ್ ಪತ್ರ ಅಡವಿಟ್ಟು ಸಾಲ ಮಾಡಿದ್ದರೆ ಇಸಿಯಲ್ಲಿ ಕಾಣದೇ ಇರಬಹುದು, ಅಡವು ಸಾಲಗಳನ್ನು ದಾಖಲಿಸುವ ಕೇಂದ್ರೀಯ ನೋಂದಣಿಯಾದ ಸೆರ್ಸಾಯ್‌ನಲ್ಲಿ ಹುಡುಕಿಸಿ.

ಇನ್ನೊಂದು ಮಾತು. 500 ಚದರ ಮೀಟರ್ ಮೀರದ ಜಾಗದ ಯೋಜನೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಕಡ್ಡಾಯವಲ್ಲ. ನಿಮ್ಮ ಸೈಟ್ ಸುಮಾರು 111. ರೇರಾದ 5 ವರ್ಷದ ದೋಷ ಹೊಣೆಯನ್ನು ನೆಚ್ಚಿಕೊಂಡು ಕೂರಬೇಡಿ. ಸೋರಿಕೆ, ಬಿರುಕು, ವೈರಿಂಗ್‌ಗೆ ಇಷ್ಟು ವರ್ಷ ಬಿಲ್ಡರೇ ಹೊಣೆ ಎಂದು ಕರಾರಿನಲ್ಲೇ ಬರೆಸಿ.

ಸಿವಿಲ್ ಎಂಜಿನಿಯರ್: ಟೇಪ್ ಹಿಡಿದು ಸೈಟಿನ ಎರಡೂ ಕರ್ಣ ಅಳೆಯಿರಿ. 30×40 ಸರಿಯಿದ್ದರೆ ಎರಡೂ 50 ಅಡಿ ಬರಲೇಬೇಕು. ಹೆಚ್ಚುಕಮ್ಮಿ ಇದ್ದರೆ ಸೈಟ್ ಓರೆಯಾಗಿದೆ ಅಥವಾ ಕಾಂಪೌಂಡ್ ಒತ್ತುವರಿಯಾಗಿದೆ. ಸುತ್ತ ಬಿಟ್ಟಿರುವ ಜಾಗ ಮಂಜೂರಾದ ನಕ್ಷೆಯಂತೆ ಇದೆಯೇ ತಾಳೆ ನೋಡಿ. ಮಹಡಿಯ ಬಾತ್‌ರೂಮಿನ ನೀರು ಹೋಗುವ ಕಿಂಡಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, 24 ಗಂಟೆಯಾದ ಮೇಲೆ ಕೆಳಗಿನ ಸೀಲಿಂಗ್ ಮುಟ್ಟಿ ನೋಡಿ. ಟೈಲ್ಸನ್ನು ನಾಣ್ಯದಿಂದ ತಟ್ಟಿ; ಟೊಳ್ಳು ಸದ್ದು ಬಂದಲ್ಲಿ ಕೆಳಗೆ ಸಿಮೆಂಟ್ ತುಂಬಿಲ್ಲ.

ಪ್ರಶ್ನೆ: ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕಿದೆ. ಪುಟ್ಟಿ ಹಾಕಿಕೊಡುತ್ತೇವೆ ಅಂತಾರೆ.

ಸಿವಿಲ್ ಎಂಜಿನಿಯರ್: ಹಾಕಿಸಲೇಬೇಡಿ! ಕೂದಲೆಳೆಯಂಥ ಬಿರುಕು ಬಲೆಯಂತೆ ಹರಡಿದ್ದರೆ ಅದು ಪ್ಲಾಸ್ಟರ್ ಒಣಗಿದ್ದು, ಚಿಂತೆಯಿಲ್ಲ. ಓರೆ ಬಿರುಕು ಹಾಗಲ್ಲ. ಪಾಯ ಕುಸಿಯುತ್ತಿರಬಹುದು, ಇಲ್ಲವೇ ಲಿಂಟಲ್ (ಕಿಟಕಿಯ ಮೇಲಿನ ಅಡ್ಡತೊಲೆ) ಗೋಡೆಯ ಮೇಲೆ ಸಾಕಷ್ಟು ಕೂತಿಲ್ಲದಿರಬಹುದು. ಗೋಡೆಯ ಆಚೆ ಬದಿಯಲ್ಲೂ ಅದೇ ಜಾಗದಲ್ಲಿ ಇದೆಯೇ ನೋಡಿ. ಬಿರುಕಿನ ಎರಡೂ ಪಕ್ಕ ಪೆನ್ಸಿಲ್ ಗುರುತು ಹಾಕಿ, ನಡುವಿನ ಅಂತರ ಅಳೆದು ದಿನಾಂಕ ಬರೆದಿಡಿ. ತಿಂಗಳ ನಂತರ ಅಂತರ ಹೆಚ್ಚಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ವರದಿ ಕೈಗೆ ಬರುವವರೆಗೂ ಕರಾರಿಗೆ ಸಹಿ ಮಾಡಬೇಡಿ.