ವೀರರನ್ನು ಕುರಿತ ಪ್ರಬಂಧ: ವಿಷಯವನ್ನು ಕಿರಿದು ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ಬಿ.ಎ. ವಿದ್ಯಾರ್ಥಿನಿ, ಶಿಕಾರಿಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಐಚ್ಛಿಕ ಕನ್ನಡ ತರಗತಿಯಲ್ಲಿ ನಮಗೆ ‘ವೀರರು ಮತ್ತು ವೀರತ್ವ’ ಎಂಬ ವಿಷಯದ ಮೇಲೆ ಆರೇಳು ಪುಟಗಳ ಪ್ರಬಂಧ ಬರೆಯಲು ಹೇಳಿದ್ದಾರೆ. ನಾನು ‘ಕರ್ನಾಟಕದ ವೀರ ಪರಂಪರೆ’ ಎಂಬ ಶೀರ್ಷಿಕೆ ಕೊಟ್ಟಿದ್ದೆ. ಅದು ತೀರ ವಿಶಾಲವಾಯಿತು, ಒಂದು ಪ್ರಶ್ನೆಯನ್ನು ಹಿಡಿದು ಬರೆಯಬೇಕು ಎಂದು ನಮ್ಮ ಗುರುಗಳು ಹಿಂದಿರುಗಿಸಿದ್ದಾರೆ. ಸಂಗೊಳ್ಳಿ ರಾಯಣ್ಣ, ಒನಕೆ ಓಬವ್ವ, ಕಾವ್ಯಗಳ ನಾಯಕರು, ನಮ್ಮೂರ ಕೆರೆಯ ಏರಿಯ ಮೇಲಿರುವ ವೀರಗಲ್ಲು, ನಮ್ಮ ಕಾಲದ ಸೇವಾಜೀವಿಗಳು, ಹೀಗೆ ಎಲ್ಲವೂ ಮನಸ್ಸಿನಲ್ಲಿವೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ತಿಳಿಯುತ್ತಿಲ್ಲ. ಇಂಥ ಪ್ರಬಂಧಗಳನ್ನು ಬರೆದವರು ಅಥವಾ ಬರೆಸಿದವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ

ತಂಗಿ, ವೀರರ ಬಗ್ಗೆ ವಿದ್ಯಾರ್ಥಿಗಳು ಬರೆದ ಪ್ರಬಂಧಗಳನ್ನು ನಾನು ಸೇವೆಯಲ್ಲಿದ್ದಷ್ಟು ಕಾಲವೂ ಓದಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಹುಟ್ಟಿದ ಊರಿನಿಂದ ಆರಂಭವಾಗಿ, ಸಾವಿನ ದಿನಾಂಕದವರೆಗೆ ಸಾಗಿ, ‘ಇಂಥವರ ಆದರ್ಶ ನಮಗೆ ದಾರಿದೀಪವಾಗಲಿ’ ಎಂಬ ವಾಕ್ಯದಲ್ಲಿ ನಿಲ್ಲುತ್ತವೆ. ಹೆಸರನ್ನು ಬದಲಿಸಿದರೆ ಅದೇ ಪ್ರಬಂಧ ಇನ್ನೊಬ್ಬ ವೀರನಿಗೂ ಒಪ್ಪುತ್ತದೆ. ಒಬ್ಬ ವ್ಯಕ್ತಿಯನ್ನು ಆರಿಸಿಕೊಂಡ ಮಾತ್ರಕ್ಕೆ ವಿಷಯ ಕಿರಿದಾಗುವುದಿಲ್ಲ. ಆ ವ್ಯಕ್ತಿ ಮಾಡಿದ ಒಂದು ತೀರ್ಮಾನವನ್ನು ಆರಿಸಿಕೊಂಡಾಗ ಮಾತ್ರ ಬರವಣಿಗೆಗೆ ಒಂದು ಅಂಕೆ ಬರುತ್ತದೆ.

ನೀವು ಹೆಸರಿಸಿದ ರಾಯಣ್ಣನನ್ನೇ ತೆಗೆದುಕೊಳ್ಳಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯದೊಡನೆ ಬಂದ ಕಂಪನಿ ಸರ್ಕಾರ ಕೋಟೆಯನ್ನು ಗೆದ್ದು ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟಿತು. 1829ರ ಫೆಬ್ರವರಿಯಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು. ರಾಣಿಯಿಲ್ಲ, ಕೋಟೆಯಿಲ್ಲ, ಸಂಬಳ ಕೊಡುವ ಸಂಸ್ಥಾನವೂ ಇಲ್ಲ. ಹಾಗಿದ್ದರೂ ರಾಯಣ್ಣ ಜನ ಕಟ್ಟಿಕೊಂಡು ದಂಗೆ ಎದ್ದನು. ಕಿತ್ತೂರು ಮನೆತನದ ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಗೆ ತರುವುದು ಅವನ ಘೋಷಿತ ಉದ್ದೇಶವಾಗಿತ್ತು. ಆದರೆ ಅವನ ಜನರು ಮಾಡಿದ ಕೆಲಸಗಳನ್ನು ನೋಡಿ: ಸರ್ಕಾರಿ ಕಚೇರಿಗಳನ್ನು ಸುಟ್ಟರು, ಖಜಾನೆಗಳನ್ನು ದೋಚಿದರು. ಅವನ ಜಮೀನನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತ್ತು, ಉಳಿದದ್ದರ ಮೇಲೆ ಭಾರಿ ತೆರಿಗೆ ಹೇರಿತ್ತು. ಹಾಗಾದರೆ ಅವನ ಬೆನ್ನಿಗೆ ನಿಂತ ಜನರು ಒಡೆಯನ ಮನೆತನದ ಮೇಲಿನ ನಿಷ್ಠೆಯಿಂದ ಬಂದರೋ, ಹೊಲ ಕಳೆದುಕೊಂಡ ಸಂಕಟದಿಂದ ಬಂದರೋ? ಇದು ಆರು ಪುಟಕ್ಕೆ ಸಾಕಾಗುವ ಪ್ರಶ್ನೆ. ಎರಡು ಕಡೆಗೂ ಆಧಾರಗಳಿವೆ, ನೀವು ಒಂದು ನಿಲುವಿಗೆ ಬರಲೇಬೇಕಾಗುತ್ತದೆ.

ಅದೇ ರಾಯಣ್ಣನಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಅವನನ್ನು ಮೋಸದಿಂದ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಸಮಾಧಿಯ ಬಳಿಯ ಆಲದ ಮರಕ್ಕೆ ಜನರು ಇಂದಿಗೂ ಹರಕೆ ಹೊತ್ತು ಬರುತ್ತಾರೆ. ಸರ್ಕಾರ ಅಪರಾಧಿಯೆಂದು ನೇಣಿಗೆ ಹಾಕಿದವನು ಊರಿನವರಿಗೆ ಹರಕೆಯ ದೈವ ಹೇಗಾದನು, ಅದರಲ್ಲಿ ಲಾವಣಿ ಮತ್ತು ಗೀಗೀ ಪದಗಳ ಪಾಲೆಷ್ಟು ಎಂದು ಕೇಳಿಕೊಂಡರೆ ಅದು ಬೇರೆಯೇ ಪ್ರಬಂಧವಾಗುತ್ತದೆ. ಈ ಎರಡನ್ನೂ ದಯವಿಟ್ಟು ಒಂದರಲ್ಲೇ ಸೇರಿಸಬೇಡಿ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದ ಪರೀಕ್ಷೆ ಇಷ್ಟೆ: ಶೀರ್ಷಿಕೆಯನ್ನು ಪ್ರಶ್ನೆಯ ರೂಪದಲ್ಲಿ ಬರೆಯಿರಿ, ನಿಮ್ಮ ಉತ್ತರವನ್ನು ಒಂದು ವಾಕ್ಯದಲ್ಲಿ ಬರೆಯಿರಿ, ಅನಂತರ ಓದಿಕೊಂಡ ಒಬ್ಬರಾದರೂ ಅದನ್ನು ಕಾರಣಸಹಿತವಾಗಿ ಒಪ್ಪದೆ ಇರಬಹುದೇ ಎಂದು ನೋಡಿ. ರಾಯಣ್ಣ ಧೈರ್ಯಶಾಲಿ ಎಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದ್ದರಿಂದ ಅಲ್ಲಿ ವಾದಕ್ಕೆ ಜಾಗವೇ ಇಲ್ಲ.

ಉತ್ತರ: ಶಾಸನಾಸಕ್ತ, ಮಂಡ್ಯ

ಅಧ್ಯಾಪಕರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದ ಸಹೋದರಿಯವರು ಕೆರೆ ಏರಿಯ ವೀರಗಲ್ಲನ್ನು ಪಟ್ಟಿಯ ನಡುವೆ ಎಲ್ಲೋ ಸೇರಿಸಿರುವುದನ್ನು ನೋಡಿ ನನಗೆ ಬೇಸರವಾಯಿತು. ನಾನಾಗಿದ್ದರೆ ಅದನ್ನೇ ಮೊದಲಿಗೆ ಇಡುತ್ತಿದ್ದೆ. ವೀರತ್ವವನ್ನು ಒಂದು ಸಮಾಜ ಹೇಗೆ ಗುರುತಿಸಿತು, ಯಾವುದಕ್ಕೆ ಬೆಲೆ ಕಟ್ಟಿತು, ಸತ್ತವನ ಮನೆಯವರಿಗೆ ಏನು ಕೊಟ್ಟಿತು ಎಂಬುದಕ್ಕೆ ವೀರಗಲ್ಲಿನಷ್ಟು ನೇರವಾದ ಸಾಕ್ಷಿ ಬೇರೊಂದಿಲ್ಲ. ರಾಜರ ಪ್ರಶಸ್ತಿಗಳಲ್ಲಿ ಹೊಗಳಿಕೆ ತುಂಬಿರುತ್ತದೆ. ವೀರಗಲ್ಲಿನಲ್ಲಿ ಬಹುಪಾಲು ಇಂಥ ಊರಿನ ಇಂಥವನು, ತುರುಗಳನ್ನು ಹಿಡಿದೊಯ್ಯುವವರನ್ನು ತಡೆದು, ಕಾದಿ ಸತ್ತನು ಎಂಬಷ್ಟೇ ಇರುತ್ತದೆ.

ನಾನು ಅನೇಕರಿಗೆ ಸೂಚಿಸುವ ಉದಾಹರಣೆ ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಅದರ ಕಾಲ ಸುಮಾರು ಕ್ರಿ.ಶ. 950. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹೋಗಿ ನೋಡಬಹುದು. ಅದರಲ್ಲಿ ಕೆತ್ತಿರುವುದು ಕತ್ತಿ ಹಿಡಿದ ಯೋಧನನ್ನಲ್ಲ, ಹಂದಿಯ ಮೇಲೆ ಬಿದ್ದಿರುವ ನಾಯಿಯನ್ನು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಯುದ್ಧದಲ್ಲಿ ಕೃಷ್ಣನ ಪಕ್ಷದ ಗಂಗರ ದೊರೆ ಬೂತುಗನ ಕಡೆಯವನಾದ ಮಣಲೆರನು ಚೆನ್ನಾಗಿ ಹೋರಾಡಿದ್ದನು. ಮೆಚ್ಚಿದ ಬೂತುಗನು ಏನು ಬೇಕು ಬೇಡು ಎಂದಾಗ ಅವನು ಕೇಳಿದ್ದು ಒಡೆಯನ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಆ ನಾಯಿಯನ್ನು ಕೆಲಲೆನಾಡಿನ ಬೆಳತೂರಿನ ಬಳಿಯ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಒಂದನ್ನೊಂದು ಕೊಂದು ಸತ್ತವು. ಅದಕ್ಕಾಗಿ ಆತಕೂರಿನಲ್ಲಿ ಚಲ್ಲೇಶ್ವರ ದೇವರ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ದೇವಾಲಯವನ್ನು ನೋಡಿಕೊಳ್ಳುವ ಗೊರವನು ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಗಲುತ್ತದೆ ಎಂದೂ ಬರೆದಿದ್ದಾರೆ.

ಈ ಒಂದು ಕಲ್ಲಿನಿಂದ ಎಷ್ಟು ಪ್ರಶ್ನೆಗಳು ಏಳುತ್ತವೆ ನೋಡಿ. ವೀರತ್ವಕ್ಕೆ ಅರಿವಿನಿಂದ ಮಾಡಿದ ಆಯ್ಕೆ ಬೇಕೇ? ಬೇಕು ಎನ್ನುವುದಾದರೆ ಹತ್ತನೆಯ ಶತಮಾನದ ಜನರು ನಾಯಿಗೆ ಪೂಜೆಯನ್ನು ಏಕೆ ಏರ್ಪಡಿಸಿದರು? ಒಂದು ಸಾಮ್ರಾಜ್ಯದ ಗತಿಯನ್ನು ಬದಲಿಸಿದ ಯುದ್ಧದ ವಿವರವೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನ ಮೇಲೆ ಏಕೆ ಬಂದವು? ನಮ್ಮ ಪರಿಚಯದ ವಿದ್ಯಾರ್ಥಿಯೊಬ್ಬರು ಕೊನೆಯ ಪ್ರಶ್ನೆಯನ್ನು ಹಿಡಿದು, ಒಡೆಯ ಮತ್ತು ಸೇವಕರ ನಡುವಿನ ಋಣದ ಕಲ್ಪನೆಯ ಮೇಲೆ ಬರೆದರು. ಗಂಗರ ವಂಶಾವಳಿಯನ್ನಾಗಲೀ ರಾಷ್ಟ್ರಕೂಟರ ಇತಿಹಾಸವನ್ನಾಗಲೀ ಮುಟ್ಟದೆ ಕಲ್ಲಿನ ಮೇಲಿದ್ದುದನ್ನೇ ಓದಿದ್ದರಿಂದ ಆ ಬರಹ ಬಹಳ ಚೆನ್ನಾಗಿ ಬಂದಿತು.

ಉತ್ತರ: ಸ್ನಾತಕೋತ್ತರ ವಿದ್ಯಾರ್ಥಿ, ಮೈಸೂರು

ಕಾವ್ಯವನ್ನು ಆರಿಸಿಕೊಳ್ಳುವುದಾದರೆ ಒಂದು ಸಂದರ್ಭವನ್ನು ಮಾತ್ರ ಹಿಡಿಯಿರಿ. 941ರಲ್ಲಿ ಪಂಪನು ತನ್ನ ಭಾರತವನ್ನು ಬರೆದಾಗ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನು. ಆದ್ದರಿಂದ ಅರ್ಜುನನೇ ಅಲ್ಲಿ ಕಥಾನಾಯಕ. ಆದರೂ ಓದುವವರ ಮನಸ್ಸು ಕರ್ಣನ ಕಡೆಗೆ ಹೋಗುವಂತೆ ಅವನೇ ಬರೆದಿದ್ದಾನೆ. ಜನ್ಮರಹಸ್ಯ ತಿಳಿದ ಮೇಲೂ ಕರ್ಣನು ದುರ್ಯೋಧನನನ್ನು ಬಿಡದೆ ಇರುವ ಭಾಗವನ್ನು ಮೂಲದಲ್ಲಿಯೇ ಓದಿ, ಸೋಲುತ್ತದೆಂದು ತಿಳಿದ ಪಕ್ಷದಲ್ಲಿ ಉಳಿಯುವುದು ವೀರತ್ವವೇ ಎಂದು ಕೇಳಿಕೊಳ್ಳಬಹುದು. ಗದ್ಯಾನುವಾದ ಮಾತ್ರ ಓದಿ ಬರೆಯುವ ಯೋಚನೆಯಿದ್ದರೆ ಈ ವಿಷಯ ಬೇಡ.

ಉತ್ತರ: ಆರೋಗ್ಯ ಕಾರ್ಯಕರ್ತೆ, ತುಮಕೂರು ಜಿಲ್ಲೆ

ಇಲ್ಲಿಯವರೆಗೆ ಬಂದ ಉತ್ತರಗಳಲ್ಲೆಲ್ಲ ಯಾರಾದರೂ ಸಾಯುತ್ತಾರೆ. ವೀರತ್ವಕ್ಕೆ ಸಾವು ಅನಿವಾರ್ಯವೇ ಎಂಬುದೇ ಒಂದು ಒಳ್ಳೆಯ ಪ್ರಶ್ನೆಯೆಂದು ನನಗೆ ತೋರುತ್ತದೆ. ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು ಹಣ ಪಡೆಯದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಹೇಳುತ್ತಾರೆ. 2018ರಲ್ಲಿ ಪದ್ಮಶ್ರೀ ಬಂದಿತು, ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆಸ್ಪತ್ರೆ ದೂರವಿರುವ, ಮಳೆ ಕಡಿಮೆ ಬೀಳುವ ಆ ಸೀಮೆಯಲ್ಲಿ ನಡುರಾತ್ರಿ ಬಂದು ಕರೆದವರ ಮನೆಗೆ ಹೋಗುವುದು, ಮಗು ಅಡ್ಡವಾಗಿದ್ದರೆ ತಾಯಿಯ ಜೀವಕ್ಕೆ ತಾನೇ ಹೊಣೆಯಾಗಿ ಕೂರುವುದು ಏನೆಂಬುದನ್ನು ಈ ಕೆಲಸದಲ್ಲಿರುವ ನಾನು ಬಲ್ಲೆ. ಕತ್ತಿ ಹಿಡಿಯುವವನಿಗೆ ಒಂದು ದಿನದ ಧೈರ್ಯ ಸಾಕಾಗಬಹುದು. ಇಲ್ಲಿ ಅದು ಪ್ರತಿ ರಾತ್ರಿಯೂ ಬೇಕಾಗುತ್ತದೆ. ನಿಮ್ಮ ಊರಿನಲ್ಲಿಯೂ ಅಂಥ ಹಿರಿಯ ಸೂಲಗಿತ್ತಿ ಇದ್ದರೆ ಅವರ ಬಾಯಿಂದಲೇ ಕೇಳಿ ಬರೆಯಬಹುದು.

ಉತ್ತರ: ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ

ತಾಯಿ, ನರಸಮ್ಮನವರ ಬಗ್ಗೆ ನನಗೂ ನಿಮ್ಮಷ್ಟೇ ಗೌರವವಿದೆ. ಆದರೂ ಸೇವೆ, ತ್ಯಾಗ, ಸಹನೆ ಎಲ್ಲವನ್ನೂ ವೀರತ್ವದ ಒಳಗೆ ಸೇರಿಸುತ್ತ ಹೋದರೆ ವಿಷಯ ಮತ್ತೆ ಹಿಗ್ಗುತ್ತದೆ ಎಂಬ ಆತಂಕ ನನ್ನದು. ಈ ದಾರಿಯನ್ನು ಹಿಡಿಯುವ ವಿದ್ಯಾರ್ಥಿನಿ, ನೀವು ಹೇಳಿದಂತೆ, ತಾಯಿಯ ಜೀವದ ಹೊಣೆಯನ್ನು ಹೊರುವ ಆ ಒಂದು ಗಳಿಗೆಯ ಮೇಲೆಯೇ ಪ್ರಬಂಧವನ್ನು ನಿಲ್ಲಿಸಬೇಕು. ಪ್ರಶಸ್ತಿಗಳ ಪಟ್ಟಿಗೆ ಹೋದರೆ ಕೆಲಸ ಕೆಟ್ಟಿತು.

ಓಬವ್ವನ ವಿಷಯವನ್ನು ಯಾರೂ ಎತ್ತಲಿಲ್ಲ, ಅದಕ್ಕಾಗಿ ಒಂದು ಮಾತು. ಆಕೆಯ ಕಥೆ ಮುಖ್ಯವಾಗಿ ಬಾಯಿಂದ ಬಾಯಿಗೆ ಬಂದದ್ದು. ಚಿತ್ರದುರ್ಗದ ಕೋಟೆಯ ಕಿಂಡಿ ಇಂದಿಗೂ ಆಕೆಯ ಹೆಸರಿನಲ್ಲಿದೆ, 2021ರಿಂದ ನವೆಂಬರ್ 11ರಂದು ಸರ್ಕಾರವೇ ಆಕೆಯ ಜಯಂತಿಯನ್ನು ಆಚರಿಸುತ್ತಿದೆ. ಆದ್ದರಿಂದ ನಡೆದ ಘಟನೆಯ ವಿವರಕ್ಕಿಂತ, ಕಾವಲುಗಾರನ ಹೆಂಡತಿಯೊಬ್ಬಳ ನೆನಪನ್ನು ಒಂದು ಊರು ಹೇಗೆ ಉಳಿಸಿಕೊಂಡಿತು ಎಂಬುದನ್ನು ಬರೆದರೆ ಆಧಾರಗಳು ಸಿಗುತ್ತವೆ.

ಪ್ರಶ್ನೆ ಕೇಳಿದವರು: ಬಿ.ಎ. ವಿದ್ಯಾರ್ಥಿನಿ, ಶಿಕಾರಿಪುರ ತಾಲ್ಲೂಕು

ಎಲ್ಲ ಹಿರಿಯರಿಗೂ ಕೃತಜ್ಞತೆಗಳು. ಇಂದು ಸಂಜೆ ಕೆರೆ ಏರಿಗೆ ಹೋಗಿ ಕಲ್ಲನ್ನು ಸರಿಯಾಗಿ ನೋಡಿದೆ. ಮೂರು ಅಂಕಣಗಳಿವೆ. ಕೆಳಗೆ ಬಿಲ್ಲು ಹಿಡಿದವನೊಬ್ಬನ ಹಿಂದೆ ದನಗಳ ಸಾಲು ಇದೆ. ನಡುವೆ ಇಬ್ಬರು ಸ್ತ್ರೀಯರು ಅವನನ್ನು ಎರಡು ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಅವನು ಲಿಂಗದ ಮುಂದೆ ಕುಳಿತಿದ್ದಾನೆ. ಪಟ್ಟಿಕೆಗಳ ಮೇಲೆ ಅಕ್ಷರಗಳಿವೆ, ಆದರೆ ಸವೆದಿವೆ. ಪಕ್ಕದಲ್ಲಿ ಇನ್ನೊಂದು ಚಿಕ್ಕ ಕಲ್ಲಿದೆ. ಅದರಲ್ಲಿ ಒಂದು ಕಂಬದಿಂದ ಹೊರಟ, ಬಳೆ ತೊಟ್ಟ, ಮೊಣಕೈಯಲ್ಲಿ ಬಾಗಿ ಮೇಲೆದ್ದಿರುವ ಕೈ ಮಾತ್ರ ಕಾಣುತ್ತದೆ. ಎರಡನ್ನೂ ಸೇರಿಸಿ ಬರೆಯಬಹುದೇ?

ಉತ್ತರ: ಶಾಸನಾಸಕ್ತ, ಮಂಡ್ಯ

ಬರೆಯಬಹುದು, ಬರೆಯಲೇಬೇಕು. ಕೈ ಇರುವ ಕಲ್ಲು ಮಾಸ್ತಿಕಲ್ಲು. ಗಂಡನೊಡನೆ ಸತ್ತ ಹೆಣ್ಣುಮಗಳ ನೆನಪಿಗೆ ನಿಲ್ಲಿಸಿದ್ದು. ಆದರೆ ಅದು ಪಕ್ಕದಲ್ಲಿದೆ ಎಂಬ ಕಾರಣಕ್ಕೇ ಆ ವೀರನ ಹೆಂಡತಿಯದೆಂದು ಹೇಳಿಬಿಡಬೇಡಿ. ಏರಿ ಕಟ್ಟುವಾಗ, ದಾರಿ ಮಾಡುವಾಗ ಕಲ್ಲುಗಳನ್ನು ಎತ್ತಿ ಬೇರೆಡೆಗೆ ಇಡುವುದುಂಟು. ನಿಮ್ಮ ಪ್ರಶ್ನೆ ಹೀಗಿರಬಹುದು: ದನಗಳಿಗಾಗಿ ಸತ್ತ ಗಂಡಸಿನ ಕಲ್ಲಿನಲ್ಲಿ ಅವನ ಇಡೀ ದೇಹ, ಅವನ ಕೆಲಸ, ಅವನ ಸ್ವರ್ಗ ಎಲ್ಲವೂ ಇರುವಾಗ, ಹೆಣ್ಣಿನ ಕಲ್ಲಿನಲ್ಲಿ ಬಳೆಯ ಕೈ ಮಾತ್ರ ಏಕೆ ಉಳಿಯಿತು, ಮತ್ತು ಅವಳ ಸಾವನ್ನು ನಾವು ವೀರತ್ವವೆಂದು ಕರೆಯಬಹುದೇ? ಎರಡನೆಯ ಭಾಗಕ್ಕೆ ಉತ್ತರಿಸುವಾಗ ನಿಮ್ಮ ಕಾಲದ ನ್ಯಾಯವನ್ನು ಮರೆಮಾಚಬೇಡಿ, ಆ ಕಾಲದವರ ಭಕ್ತಿಯನ್ನೂ ಕೀಳಾಗಿ ನೋಡಬೇಡಿ.

ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಕಾಲೇಜಿನ ಗ್ರಂಥಾಲಯದಲ್ಲಿ ಕೇಳಿ, ಶಿಕಾರಿಪುರದ ಭಾಗದಲ್ಲಿ ನಿಮ್ಮ ಊರಿನ ಹೆಸರನ್ನು ಹುಡುಕಿ. ಸಿಕ್ಕರೆ ವೀರನ ಹೆಸರೂ ಕಾಲವೂ ದೊರೆಯಬಹುದು. ಸಿಗದಿದ್ದರೆ ಅಂಕಣಗಳನ್ನೇ ಆಧಾರವಾಗಿಟ್ಟುಕೊಂಡು ಬರೆಯಿರಿ, ಹೆಸರನ್ನು ಊಹಿಸಬೇಡಿ. ಮತ್ತೆ ಹೋಗುವಾಗ ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋಗಿ. ಸವೆದ ಅಕ್ಷರಗಳು ಆಗ ನೆರಳಿನಿಂದ ಎದ್ದು ಕಾಣುತ್ತವೆ. ಸೀಮೆಸುಣ್ಣವನ್ನಾಗಲೀ ಎಣ್ಣೆಯನ್ನಾಗಲೀ ಕಲ್ಲಿಗೆ ಹಚ್ಚದೆ ಪ್ರತಿ ಪಟ್ಟಿಕೆಯ ಚಿತ್ರವನ್ನೂ ಬೇರೆಬೇರೆಯಾಗಿ ತೆಗೆದು ಇಲ್ಲಿ ಹಾಕಿದರೆ, ಓದಲು ಬರುವಷ್ಟನ್ನು ನಾವು ಕೆಲವರು ಸೇರಿ ಓದಿಕೊಡುತ್ತೇವೆ.