ಲೇಸರ್ ಬ್ರೇಜಿಂಗ್: ಜಾಯಿಂಟಿನ ನಡುವೆ ಬಿರುಕು ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ತೆಳು ತಾಮ್ರದ ಪಟ್ಟಿಯನ್ನು 304 ಸ್ಟೇನ್‌ಲೆಸ್ ಸ್ಟೀಲ್ ಮೇಲಿಟ್ಟು ಲೇಸರ್‌ನಿಂದ ಬ್ರೇಜ್ ಮಾಡ್ತಿದ್ದೇನೆ, ಅಂದರೆ ನಡುವೆ ಬೇರೆ ಲೋಹ ಕರಗಿಸಿ ಎರಡನ್ನೂ ಬೆಸೆಯುತ್ತಿದ್ದೇನೆ. ನಡುವೆ ಇಟ್ಟಿರುವುದು ಬಿಎನ್‌ಐ-2 ಎಂಬ ನಿಕಲ್ ಮಿಶ್ರಲೋಹದ ಅಮಾರ್ಫಸ್ (ಹರಳಿನ ರಚನೆ ಇಲ್ಲದ) ಫಾಯಿಲ್, ಎರಡು ಪದರ. ಸಂದು ಚೆನ್ನಾಗಿ ತುಂಬುತ್ತದೆ, ಆದರೆ ತಣ್ಣಗಾದ ಮೇಲೆ ಸರಿಯಾಗಿ ಮಧ್ಯದಲ್ಲೇ ಬಿರುಕು. ಫಾಯಿಲ್ ಕಾಯಿಸಿದಾಗ ತನ್ನ ಅಮಾರ್ಫಸ್ ಗುಣ ಕಳೆದುಕೊಳ್ಳುವುದರಿಂದ ಹೀಗಾಗುತ್ತದಾ?

ಉತ್ತರ: ಆ ಗುಣ ಹೇಗಿದ್ದರೂ ಹೋಗುತ್ತದೆ. ಒಮ್ಮೆ ಕರಗಿ ಗಟ್ಟಿಯಾದ ಮೇಲೆ ಜಾಯಿಂಟಿನಲ್ಲಿ ಇರುವುದು ಹರಳಿನ ರಚನೆಯೇ. ಬೋರಾನ್, ಸಿಲಿಕಾನ್ ಸೇರಿದ ಈ ನಿಕಲ್ ಮಿಶ್ರಲೋಹ ಹರಳು ರೂಪದಲ್ಲಿ ತುಂಬಾ ಪೆಡಸು, ಹಾಳೆ ಮಾಡಲು ಆಗುವುದಿಲ್ಲ. ಸೆಕೆಂಡಿಗೆ ಸುಮಾರು 10 ಲಕ್ಷ ಡಿಗ್ರಿ ವೇಗದಲ್ಲಿ ತಣಿಸಿದ್ದರಿಂದ ಬಗ್ಗುವ ಹಾಳೆ ಸಿಕ್ಕಿದೆ. ಲೋಹದ ಪುಡಿ ಕಲಸಿದ ಪೇಸ್ಟಿನಲ್ಲಿರುವಂಥ ಅಂಟಿಲ್ಲ, ಎಲ್ಲ ಕಡೆ ಒಂದೇ ಸಮನಾದ ಮಿಶ್ರಣ. ಲಾಭ ಅಷ್ಟೇ, ಆದರೆ ಅದು ದೊಡ್ಡದೇ.

ನಿಮ್ಮ ತೊಂದರೆ ಬೋರಾನ್‌ದು. ಗಟ್ಟಿಯಾಗುವಿಕೆ ಎರಡೂ ಅಂಚಿನಿಂದ ಶುರುವಾಗಿ ಬೋರಾನನ್ನು ಮಧ್ಯಕ್ಕೆ ತಳ್ಳುತ್ತದೆ. ಕೊನೆಗೆ ಅಲ್ಲಿ ಪೆಡಸು ಬೋರೈಡ್ (ಬೋರಾನ್ ಮತ್ತು ಲೋಹದ ಸಂಯುಕ್ತ) ಕೂರುತ್ತದೆ. ಫರ್ನೇಸ್‌ನಲ್ಲಾದರೆ ಬೋರಾನ್ ನಿಧಾನವಾಗಿ ಸ್ಟೀಲ್‌ಗೆ ಇಳಿದುಹೋಗಲು ಸಮಯ ಸಿಗುತ್ತದೆ. ಲೇಸರ್‌ನಲ್ಲಿ ಎಲ್ಲ ಕೆಲವು ಕ್ಷಣಗಳಲ್ಲಿ ಮುಗಿಯುತ್ತದೆ. ಬೇರೆ ಬೇರೆ ಲೋಹ ಕೂಡಿಸುವಾಗ ನಾವು ಇಷ್ಟಪಡುವುದೇ ಈ ವೇಗವನ್ನು, ಅಲ್ವಾ? ಇಲ್ಲಿ ಅದೇ ಅಡ್ಡ ಬಂದಿದೆ.

ಹಾಗಾಗಿ ಮೊದಲು ಒಂದು ಪದರ ತೆಗೆದುಬಿಡಿ. 25 ಮೈಕ್ರಾನ್‌ನ ಒಂದೇ ಫಾಯಿಲ್ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಸಂದು ಅರ್ಧಕ್ಕಿಳಿದರೆ ಬೋರಾನ್ ಇಳಿಯಲು ಬೇಕಾದ ಸಮಯ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಜೊತೆಗೆ ಬೀಮ್ ಸ್ವಲ್ಪ ಅಗಲ ಮಾಡಿ, ನಿಧಾನ ನಡೆಸಿ.

ಪ್ರಶ್ನೆ: ಬೀಮ್ ಯಾವ ಕಡೆ ಬೀಳಬೇಕು ಸರ್? ಬೋರಾನ್ ಇಲ್ಲದ ಫಾಯಿಲ್ ಹಾಕಬಹುದಾ?

ಉತ್ತರ: ಸ್ಟೀಲ್ ಕಡೆಯಿಂದ ಕಾಯಿಸಿ. ನಿಮ್ಮ ಲೇಸರ್ 1 ಮೈಕ್ರಾನ್ ತರಂಗದ್ದಾದರೆ, ಆ ಬೆಳಕನ್ನು ನಯವಾದ ತಾಮ್ರ ಬಹುಪಾಲು ವಾಪಸ್ ಎಸೆಯುತ್ತದೆ, ಹೀರಿದ ಬಿಸಿಯನ್ನೂ ಬೇಗ ಹರಿಸಿಬಿಡುತ್ತದೆ. ಬಿಎನ್‌ಐ-2 ಪೂರ್ತಿ ಕರಗುವುದು ಸುಮಾರು 1000 ಡಿಗ್ರಿಗೆ, ತಾಮ್ರ 1085ಕ್ಕೆ. ನಿಮಗಿರುವ ಅಂತರ ಅಷ್ಟೇ, ಪವರ್ ಎಚ್ಚರದಿಂದ ಏರಿಸಿ.

ಬೋರಾನ್ ಇಲ್ಲದ ಬಿಎನ್‌ಐ-5 ಪೂರ್ತಿ ಕರಗಲು 1135 ಡಿಗ್ರಿ ಬೇಕು. ಅಷ್ಟರಲ್ಲಿ ತಾಮ್ರವೇ ಕರಗಿರುತ್ತದೆ. ಕಡಿಮೆ ಬಿಸಿಗೆ ಕರಗುತ್ತದೆಂದು ರಂಜಕವಿರುವ ತಾಮ್ರದ ಫಾಯಿಲ್ ಕಡೆಗೂ ಹೋಗಬೇಡಿ. ಸ್ಟೀಲ್ ಅಂಚಿನಲ್ಲಿ ಪೆಡಸಾದ ಕಬ್ಬಿಣದ ಫಾಸ್ಫೈಡ್ (ಕಬ್ಬಿಣ, ರಂಜಕದ ಸಂಯುಕ್ತ) ಕಟ್ಟಿ, ಬಿರುಕು ಮಧ್ಯದಿಂದ ಅಂಚಿಗೆ ಬರುತ್ತದೆ ಅಷ್ಟೇ.

ಒಂದು ಪದರದ ತುಂಡನ್ನು ಅಡ್ಡ ಕೊಯ್ದು, ಪಾಲಿಶ್ ಮಾಡಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಮಧ್ಯದ ಬೋರೈಡ್ ಗೆರೆ ಎಡೆಬಿಡದೆ ಹರಿದಿದೆಯಾ, ಅಲ್ಲಲ್ಲಿ ತುಂಡಾಗಿದೆಯಾ ಅಂತ ಫೋಟೋ ಹಾಕಿ. ಅದನ್ನು ನೋಡಿ ಸ್ಪೀಡ್ ಎಷ್ಟು ಇಳಿಸಬೇಕು ಅಂತ ಹೇಳುತ್ತೇನೆ.